ಮಗಳು ಎದುರಿಗೇ ಮಾತಾಡುತ್ತಿದ್ದಳು, ನಾನು 2032ರಲ್ಲಿದ್ದೆ. ಈ ರೋಗಕ್ಕೆ ಏನು ಮಾಡೋದು?

ಮೂರನೇ ಮಹಡಿ | ಭಾನುವಾರ ರಾತ್ರಿ 11.50

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ, ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ.

ಇವತ್ತು ಸಂಜೆ ಮನೆಯವರೆಲ್ಲ ನೆಲದ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದೆವು. ರಾತ್ರಿಗೆ ಹಿತಕಿದ ಬೇಳೆ ಸಾರು ಅಂತ ಅಮ್ಮ ಬೆಳಗ್ಗೆಯೇ ಕಾಳು ನೆನೆಹಾಕಿದ್ದರು. ಮಗಳು ಆರನೇ ಕ್ಲಾಸು. ಅವಳು ಕಾಳು ಒತ್ತಿದರೆ ಬೇಳೆ ಪಾತ್ರೆಗೆ ಬೀಳುವುದಿಲ್ಲ, ಹಾರಿ ತಮ್ಮನ ಹಣೆಗೆ ಬಡಿಯುತ್ತದೆ. ಅವನು ಕಿರುಚುತ್ತಾನೆ. ಹಾಗೇ ಒತ್ತುತ್ತಾ ಸ್ಕೂಲಿನ ಏನೋ ಕತೆ ಹೇಳುತ್ತಿದ್ದಳು, ನಾನು ಹೂಂ ಹೂಂ ಅನ್ನುತ್ತಿದ್ದೆ. ತಟ್ಟನೆ ನಿಲ್ಲಿಸಿ, "ಅಪ್ಪಾ, ನಾನೀಗ ಏನು ಹೇಳಿದೆ ಹೇಳು ನೋಡೋಣ" ಅಂದಳು. ಒಂದಕ್ಷರ ಗೊತ್ತಿರಲಿಲ್ಲ. ಅವಳ ಎಂಜಿನಿಯರಿಂಗ್ ಸೀಟಿಗೆ 2032ರಲ್ಲಿ ಎಷ್ಟಾಗಬಹುದು, ಅಷ್ಟು ಹೊತ್ತಿಗೆ ನನಗೆ ಕೆಲಸ ಇರುತ್ತಾ ಅಂತ ಲೆಕ್ಕ ಹಾಕುತ್ತಿದ್ದೆ. ಅವಳು ಸಿಟ್ಟು ಮಾಡಿಕೊಂಡಿದ್ದರೂ ಚೆನ್ನಾಗಿತ್ತು. "ಹೋಗ್ಲಿ ಬಿಡು" ಅಂದು ಅಜ್ಜಿ ಕಡೆ ತಿರುಗಿದಳು.

ನನಗೆ 41. ಬೆಂಗಳೂರು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನನ್ನ ಹತ್ತಿರ ಒಂದು ಎಕ್ಸೆಲ್ ಶೀಟು ಇದೆ, 2045ರವರೆಗೆ. ಯಾವ ವರ್ಷ ಯಾವ ಖರ್ಚು, ಎಷ್ಟು ಉಳಿಯುತ್ತದೆ, ಎಲ್ಲಾ ಅದರಲ್ಲಿದೆ. ಕಡಿಮೆ ಬಿದ್ದ ವರ್ಷ ಕೆಂಪು. ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತದೆ, ಫೋನಿನಲ್ಲೇ ಶೀಟು ತೆಗೆದು ಬಡ್ಡಿ ದರ ಅರ್ಧ ಪರ್ಸೆಂಟ್ ಏರಿಸಿ ನೋಡುತ್ತೇನೆ. ಕೆಂಪು ಹಸಿರಾದರೆ ನಿದ್ದೆ ಬರುತ್ತದೆ, ಇಲ್ಲದಿದ್ದರೆ ಹಾಲಿನವನು ಬರುವವರೆಗೂ ಎದ್ದೇ ಇರುತ್ತೇನೆ.

ತಮಾಷೆ ಅಂದರೆ ಈಗ ಏನೂ ಕಷ್ಟ ಇಲ್ಲ. ಸಂಬಳ ಬರುತ್ತಿದೆ, ಇಎಂಐ ಹೋಗುತ್ತಿದೆ, ಎಲ್ಲರೂ ಆರೋಗ್ಯವಾಗಿದ್ದಾರೆ. ಇವತ್ತಿನಲ್ಲಿ ಬದುಕು ಅನ್ನೋದನ್ನ ನಿಜವಾಗಿ ಮಾಡುವವರು ಯಾರಾದರೂ ಇದ್ದರೆ, ಹೇಗೆ ಅಂತ ಹೇಳಿ. ವಾಟ್ಸ್ಯಾಪ್ ಸ್ಟೇಟಸ್ ವಾಕ್ಯ ಮಾತ್ರ ಬೇಡ.

ಮೊದಲು ಕಾಫಿ | ಸೋಮವಾರ ಬೆಳಗ್ಗೆ 6.10

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಚಿತೆಗೂ ಚಿಂತೆಗೂ ಒಂದೇ ಸೊನ್ನೆ ವ್ಯತ್ಯಾಸ. ಶುಭದಿನ.

ಉಪ್ಪಿಟ್ಟು ವಿರೋಧಿ | 6.25

ಕೊನೇ ಸಾಲಿನಲ್ಲಿ ಏನು ಬೇಡ ಅಂದಿದ್ದಾರೋ ಮೊದಲನೇ ಉತ್ತರವೇ ಅದು. ಎರಡು ಗಾದೆ, ಒಂದು ಶುಭದಿನ.

ನಿವೃತ್ತ ಕ್ಯಾಷಿಯರ್ | 7.40

ನಿಮ್ಮ ಎಕ್ಸೆಲ್ ಶೀಟು ಓದಿ ನನ್ನ ಡೈರಿ ನೆನಪಾಯಿತು. 1983ರಲ್ಲಿ ಬ್ಯಾಂಕಿಗೆ ಸೇರಿದವನು ನಾನು. ಹೋದ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿಂದ 1993ರ ಡೈರಿ ಸಿಕ್ಕಿತು. ಕೂತು ಪೂರ್ತಿ ಓದಿದೆ. ಪುಟ ಪುಟಕ್ಕೂ ಚಿಂತೆ. ಕಂಪ್ಯೂಟರ್ ಬಂದರೆ ಲೆಡ್ಜರ್ ಬರೆಯುವವರ ಗತಿ ಏನು ಅಂತ ಹನ್ನೊಂದು ಕಡೆ ಬರೆದಿದ್ದೇನೆ. ಎಣಿಸಿದೆ. ದೂರದ ಊರಿಗೆ ವರ್ಗ ಆದರೆ ಅಂತ ಅದಕ್ಕಿಂತ ಜಾಸ್ತಿ.

ವರ್ಗ ಆಯಿತು, ಬೀದರಿಗೆ. ನಾಲ್ಕು ವರ್ಷ ಇದ್ದೆ. ಮಗ ಅಲ್ಲಿಯೇ ನಡೆಯಲು ಕಲಿತ. ಭಾನುವಾರ ಸಂಜೆ ಕೋಟೆ ಕಡೆ ಹೋಗಿ ಕೂರುತ್ತಿದ್ದೆವು. ಇವತ್ತಿಗೂ ನನ್ನ ಮನೆಯವರು ಒಳ್ಳೇ ದಿನಗಳು ಅಂತ ಹೇಳುವುದು ಬೀದರಿನವೇ. 2000ದಲ್ಲಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ಮತ್ತೆ ಆರು ತಿಂಗಳು ನಿದ್ದೆಗೆಟ್ಟೆ. ಕೊನೆಗೆ ಅರ್ಜಿ ಹಾಕಲೇ ಇಲ್ಲ, ಪೂರ್ತಿ ಸರ್ವಿಸ್ ಮುಗಿಸಿದೆ. ನನ್ನನ್ನು ಕೆಡವಿದ್ದು ಡೈರಿಯಲ್ಲಿ ಎಲ್ಲೂ ಇಲ್ಲದ ವಿಷಯ: 2009ರಲ್ಲಿ ತಮ್ಮ ಹೋಗಿಬಿಟ್ಟ, ನನಗಿಂತ ಆರು ವರ್ಷ ಚಿಕ್ಕವನು.

ಅವನ ಜೊತೆ ಆ 1993ರ ದಸರಾ ರಜೆಯಲ್ಲಿ ಒಂದು ವಾರ ಊರಲ್ಲಿದ್ದೆ. ಡೈರಿಯಲ್ಲಿ ಆ ವಾರ ಪೂರ್ತಿ ವರ್ಗದ ಬಗ್ಗೆಯೇ ಇದೆ. ತಮ್ಮನ ಬಗ್ಗೆ ಒಂದು ಸಾಲು ಇಲ್ಲ.

ತರ್ಲೆ ಟೆಕ್ಕಿ | 8.15

ಸರ್, ತಮ್ಮನ ವಿಷಯ ಓದಿ ಬೇಜಾರಾಯಿತು. ಆದರೂ ಒಂದು ಮಾತು. ನಿಮಗೆ ಪೆನ್ಷನ್ ಇದೆ. 2010ರ ಏಪ್ರಿಲ್‌ನಿಂದ ಬ್ಯಾಂಕಿಗೆ ಸೇರಿದವರಿಗೆ ಅದೂ ಇಲ್ಲ, ಎನ್‌ಪಿಎಸ್, ಅಂದರೆ ಕಟ್ಟಿದ ದುಡ್ಡು ಎಷ್ಟು ಬೆಳೆಯುತ್ತೋ ಅಷ್ಟು. ನಮ್ಮಂಥವರಿಗೆ ಬೆಳಗ್ಗೆ ಲಾಗಿನ್ ಆಗದಿದ್ದರೆ ಕೆಲಸ ಹೋಯ್ತು ಅಂತ ಅರ್ಥ. ನಮ್ಮ ಪಕ್ಕದ ಟೀಮಿನಲ್ಲಿ ಒಬ್ಬನಿಗೆ ಹಾಗೇ ಆಯಿತು, ಕಾಫಿ ಕಪ್ಪು ಡೆಸ್ಕಿನ ಮೇಲೇ ಇತ್ತು. ಚಿಂತೆ ಮಾಡಿದ್ದೆಲ್ಲ ಸುಳ್ಳಾಗುತ್ತದೆ ಅನ್ನೋದು ಪಾರಾದವರು ಹೇಳುವ ಕತೆ.

ನಿವೃತ್ತ ಕ್ಯಾಷಿಯರ್ | 8.40

ಪೆನ್ಷನ್ ಮಾತು ಒಪ್ಪಿದೆ. ನಿಮ್ಮ ಕಾಲ ನಮ್ಮದಕ್ಕಿಂತ ಕಷ್ಟ. ಆದರೆ ಆ ಹುಡುಗ ಮುಂಚೆಯೇ ಚಿಂತೆ ಮಾಡಿದ್ದರೆ ಲಾಗಿನ್ ಆಗುತ್ತಿತ್ತಾ?

ತರ್ಲೆ ಟೆಕ್ಕಿ | 8.42

ಆಗುತ್ತಿರಲಿಲ್ಲ. ಆದರೆ ರೆಸ್ಯೂಮೆ ರೆಡಿ ಇರುತ್ತಿತ್ತು.

ಅಡಿಕೆ ಅಂಗಳ | 9.30

ಇವೆರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ ಮಾರಾಯ್ರೆ. ರೆಸ್ಯೂಮೆ ರೆಡಿ ಇಡೋದು ಕೆಲಸ. ರಾತ್ರಿ ಮೂರಕ್ಕೆ ಬಡ್ಡಿ ದರ ಏರಿಸಿ ಇಳಿಸೋದು ಕೆಲಸ ಅಲ್ಲ.

ನಮ್ಮದು ತೀರ್ಥಹಳ್ಳಿ ಕಡೆ, ಎರಡೂವರೆ ಎಕರೆ ತೋಟ. ಭವಿಷ್ಯದ ಬಗ್ಗೆ ಯೋಚನೆ ಮಾಡಬೇಡ ಅಂತ ಅಡಿಕೆ ಬೆಳೆಗಾರನಿಗೆ ಹೇಳೋಕೆ ಆಗಲ್ಲ. ಸಸಿ ನೆಟ್ಟರೆ ಫಸಲು ಕಾಣೋಕೆ ಐದಾರು ವರ್ಷ. ನಮ್ಮ ಕಸುಬೇ ಮುಂದಿನದ್ದು. ಆದರೆ ತೋಟದಲ್ಲಿ ಪ್ರತಿ ಚಿಂತೆಗೂ ಒಂದು ತಿಂಗಳು ಇದೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಚಿಂತೆ ಮೇ ಕೊನೆಗೆ. ಆವಾಗ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇವನ್ನು ಬೆರೆಸಿ ಬೋರ್ಡೋ ದ್ರಾವಣ ಮಾಡಿ ಮಳೆ ಹಿಡಿಯೋ ಮುಂಚೆ ಒಂದು ಸಲ ಹೊಡೀಬೇಕು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಜನವರಿಯಲ್ಲಿ ಕೊಳೆರೋಗ ನೆನೆಸಿಕೊಂಡು ಎದ್ದು ಕೂತರೆ ಏನು ಮಾಡ್ತೀರಿ? ಅಡಿಕೆ ಗೊನೆಯೆಲ್ಲ ಇಳಿಸಿ ಆಗಿದೆ, ಮೇಲೆ ಹೊಡೆಯೋಕೆ ಏನೂ ಇಲ್ಲ.

ಈಗ ನಮ್ಮ ಚಿಂತೆ ಮೋಡ. ಅಡಿಕೆ ಸುಲಿದು ಬೇಯಿಸಿ ಅಂಗಳದಲ್ಲಿ ಹರವಿದ್ದೇವೆ. ಮೊನ್ನೆ ಮಧ್ಯಾಹ್ನ ಆಕಾಶ ಕಪ್ಪಾಯಿತು. ಊಟ ಅರ್ಧಕ್ಕೆ ಬಿಟ್ಟು ನಾನು, ಹೆಂಡತಿ, ಪಕ್ಕದ ಮನೆ ಹುಡುಗ ಸೇರಿ ಟಾರ್ಪಾಲು ಎಳೆದೆವು. ನಾಲ್ಕು ಹನಿ ಬಿದ್ದು ಹೋಯಿತು. ಕೈಯೆಲ್ಲ ಚೊಗರು, ಹಾಗೇ ಬಂದು ತಣ್ಣಗಾದ ಅನ್ನ ಉಂಡೆವು. ಆ ಹತ್ತು ನಿಮಿಷ ನನ್ನ ತಲೆಯಲ್ಲಿ ಅಂಗಳ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಸುಳ್ಳು ಹೇಳಲ್ಲ, ನನಗೂ ರಾತ್ರಿ ಎಚ್ಚರ ಆಗುತ್ತದೆ. ಎಲೆಚುಕ್ಕಿ ರೋಗ ಬಂದಮೇಲೆ ಜಾಸ್ತಿ. ಕಾಯಿಲೆ ಬಿದ್ದ ಸೋಗೆ ಕೊಯ್ದು ಸುಟ್ಟ ದಿನ ನಿದ್ದೆ ಬರುತ್ತದೆ. ಫೋನಿನಲ್ಲಿ ಅದರ ವಿಡಿಯೋ ನೋಡಿದ ದಿನ ಬರಲ್ಲ.

ಉಪ್ಪಿಟ್ಟು ವಿರೋಧಿ | 9.50

"ಪ್ರತಿ ಚಿಂತೆಗೂ ಒಂದು ತಿಂಗಳು." ಇದನ್ನ ನಾನು ಎಕ್ಸೆಲ್ಲಿನಲ್ಲಿ ಹಾಕ್ತೀನಿ.

ಮೂರನೇ ಮಹಡಿ | 10.05

ದಯವಿಟ್ಟು ಇನ್ನೊಂದು ಶೀಟು ಬೇಡ.

ಮೀಟರ್ ಮೇಲೆ | ಮಧ್ಯಾಹ್ನ 1.20

ನಾನು ಆಟೋ ಓಡಿಸ್ತೀನಿ, ಊಟಕ್ಕೆ ನಿಲ್ಲಿಸಿದಾಗ ಓದ್ತಾ ಇದ್ದೀನಿ. ಎಲ್ಲರೂ ಇವತ್ತಿನಲ್ಲಿ ಬದುಕೋಕೆ ಕಲೀಬೇಕು ಅಂತೀರಿ. ನಾನು ಹುಟ್ಟಿದಾಗಿನಿಂದ ಇವತ್ತಿನಲ್ಲೇ ಇದ್ದೀನಿ ಸರ್. ಬೆಳಗ್ಗೆ ಗ್ಯಾಸ್ ತುಂಬಿಸೋದು, ಸಂಜೆ ಕೈಗೆ ಬಂದದ್ದು ಎಣಿಸೋದು, ಫೈನಾನ್ಸ್ ಹುಡುಗನಿಗೆ ದಿನದ ಕಂತು ಕೊಡೋದು, ಉಳಿದದ್ದರಲ್ಲಿ ತರಕಾರಿ. ಜೂನ್ ಬಂದಾಗ ಮಕ್ಕಳ ಫೀಸು ಅಂತ ತಲೆ ಮೇಲೆ ಕೈ ಇಟ್ಟುಕೊಳ್ಳೋದು. ಪ್ರತಿ ವರ್ಷ ಜೂನ್ ಬರುತ್ತದೆ ಅಂತ ಗೊತ್ತು, ಆದರೂ ಪ್ರತಿ ವರ್ಷ ಹೊಸದಾಗಿ ಬಂದ ಹಾಗೆ ಇರುತ್ತದೆ.

2045ರವರೆಗೆ ಯೋಚನೆ ಮಾಡೋಕೆ ಆಗುತ್ತಲ್ಲ, ಅದೂ ಒಂದು ಭಾಗ್ಯ ಅಂದ್ಕೊಳ್ಳಿ. ನನಗೆ ನಿಮ್ಮ ರೋಗ ಸ್ವಲ್ಪ ಬರಲಿ, ನಿಮಗೆ ನಂದು ಸ್ವಲ್ಪ ಬರಲಿ.

ಸುಮ್ನೆ ಓದುವವಳು | 1.35

ಈ ಉತ್ತರಕ್ಕೆ ಚಪ್ಪಾಳೆ.

ಜಯನಗರ 4ನೇ ಬ್ಲಾಕ್ | 1.50

ಅದೆಲ್ಲ ಸರಿ ಅಣ್ಣ, ಮೀಟರ್ ಹಾಕ್ತೀರಾ?

ಮೀಟರ್ ಮೇಲೆ | 2.00

ಹೆಸರು ಓದಲಿಲ್ವಾ? 2025ರ ಆಗಸ್ಟಿನಿಂದ ಮೊದಲ ಎರಡು ಕಿಲೋಮೀಟರಿಗೆ 36. ಅದಕ್ಕೂ ಚೌಕಾಸಿ ಮಾಡುವವರು ಇದ್ದಾರೆ.

ಜಯನಗರ 4ನೇ ಬ್ಲಾಕ್ | 2.03

ಹೋದ ವಾರ ಒಬ್ಬರು ಎರಡು ಕಿಲೋಮೀಟರಿಗೆ 120 ಕೇಳಿದರು. ಅವರಿಗೆ ಭವಿಷ್ಯದ ಚಿಂತೆ ಜಾಸ್ತಿ ಇತ್ತು ಅನ್ಸುತ್ತೆ.

ಉಪ್ಪಿಟ್ಟು ವಿರೋಧಿ | 2.10

ಆಟೋ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೋಗಿ. ನಾನೂ ಬರ್ತೀನಿ.

ಹಣದ ಗಿಡ | ಸಂಜೆ 4.45

ಮೂಲ ಸಮಸ್ಯೆ ಬಿಟ್ಟು ಎಲ್ಲ ಮಾತಾಡ್ತಿದ್ದೀರಿ. ಆರು ತಿಂಗಳ ಖರ್ಚು ಎಫ್‌ಡಿಯಲ್ಲಿ ಪಕ್ಕಕ್ಕಿಡಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಅದಕ್ಕಿಂತ ಜಾಸ್ತಿ ಇದ್ದರೆ ಎರಡು ಬ್ಯಾಂಕಿಗೆ ಹಂಚಿ. ಟರ್ಮ್ ಇನ್ಶೂರೆನ್ಸ್ ಮಾಡಿಸಿ. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಉಳಿತಾಯ ಖಾತೆ ತೆರೆಯಿರಿ. ಚಿಂತೆ ತಾನಾಗಿ ಹೋಗುತ್ತದೆ.

ಗಣಿತದ ಮೇಷ್ಟ್ರು | 5.00

ಮಗಳು ಆರನೇ ಕ್ಲಾಸು ಅಂದಿದ್ದಾರೆ. ಸುಕನ್ಯಾ ಖಾತೆ ಹತ್ತು ವರ್ಷದ ಒಳಗೆ ತೆರೆಯಬೇಕು. ಈಗ ಆಗಲ್ಲ.

ಮೂರನೇ ಮಹಡಿ | 5.20

ಧನ್ಯವಾದ. ಇವತ್ತು ರಾತ್ರಿ ಮೂರು ಗಂಟೆಗೆ ಹೊಸ ವಿಷಯ ಸಿಕ್ಕಿತು.

(ಉಳಿದದ್ದೆಲ್ಲ ಇದೆ ಸರ್. ಟರ್ಮ್ ಪಾಲಿಸಿ ಎರಡು ಇವೆ. ಅದೇ ಸಮಸ್ಯೆ. ಎಲ್ಲ ಮಾಡಿ ಆದಮೇಲೂ ಹೋಗ್ತಿಲ್ಲ.)

ಒಗ್ಗರಣೆ ಡಬ್ಬಿ | 6.30

ಇಷ್ಟು ಹೊತ್ತು ಓದಿ ಓದಿ ನಗು ಬಂತು. ಸರ್, ನೀವು 2032 ಅಂತೀರಿ. ನಿಮ್ಮ ಮನೆಯವರನ್ನು ಕೇಳಿ ನೋಡಿ, ಅವರು ನಾಳೆ ಬೆಳಗ್ಗೆ ಏಳು ಗಂಟೆಯಲ್ಲಿರುತ್ತಾರೆ. ಮನೆ ನಡೆಸುವವರಿಗೆ ನಾಳೆ ಬಿಟ್ಟು ಇವತ್ತು ಅಂತ ಒಂದು ಇಲ್ಲ. ನಾಳೆ ದೋಸೆ ಬೇಕಾದರೆ ಇವತ್ತು ಮಧ್ಯಾಹ್ನ ಅಕ್ಕಿ ಉದ್ದು ನೆನೆಯಬೇಕು, ಸಂಜೆ ರುಬ್ಬಬೇಕು. ಚಳಿಗಾಲ ಅಲ್ವಾ, ಹಿಟ್ಟು ಹುದುಗು ಬರಲ್ಲ, ಗ್ಯಾಸ್ ಸ್ಟೌವಿನ ಪಕ್ಕ ಟವೆಲ್ ಸುತ್ತಿ ಇಡಬೇಕು. ಇದು ಚಿಂತೆ ಅಲ್ವಾ? ಆದರೆ ಹಿಟ್ಟು ಮುಚ್ಚಿಟ್ಟ ಮೇಲೆ ಮುಗಿಯಿತು. ರಾತ್ರಿ ಮೂರಕ್ಕೆ ಎದ್ದು ಮುಚ್ಚಳ ತೆಗೆದು ಉಬ್ಬಿತಾ ಅಂತ ನೋಡಿದರೆ ಉಬ್ಬುವುದೂ ಇಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಕಾಳು ಹಿಸುಕುತ್ತಾ ಕೂತಾಗ ನೀವು ಎಷ್ಟು ಹಿಸುಕಿದಿರಿ? ನಮ್ಮ ಮನೆಯಲ್ಲಿ ಗಂಡಸರು ಪಕ್ಕದಲ್ಲಿ ಕೂತು ಹತ್ತು ಕಾಳಿಗೆ ಒಂದು ಸಲ ಫೋನು ನೋಡ್ತಾರೆ. ಕೈಗೆ ಪೂರ್ತಿ ಕೆಲಸ ಕೊಡಿ, ತಲೆ ಅಷ್ಟು ದೂರ ಹೋಗಲ್ಲ.

ಮೂರನೇ ಮಹಡಿ | 6.50

ಮೇಡಂ, ಹೆಂಡತಿಗೆ ಓದಿ ಹೇಳಿದೆ. "ಯಾರಿದು, ನನಗೆ ಪರಿಚಯ ಮಾಡಿಸಿ" ಅಂದಳು. ನಾನು ಹಿಸುಕಿದ್ದು ಒಂದು ಮುಷ್ಟಿಯೂ ಇರಲಿಕ್ಕಿಲ್ಲ.

ಮಾಗಡಿ ರಸ್ತೆ | 7.15

ಕ್ಷಮಿಸಿ, ವಿಷಯಾಂತರ. ಅದು ಹಿತಕಿದ ಬೇಳೆ ಅಲ್ಲ. ಹಿದುಕಿದ ಬೇಳೆ. ಹಿದುಕು ಅಂದರೆ ಒತ್ತು.

ಜೋಳದ ರೊಟ್ಟಿ | 7.20

ನಮ್ಮ ಧಾರವಾಡದಾಗ ಇದರ ಹೆಸರೇ ಕೇಳಿರಲಿಲ್ಲ. ಬೆಂಗಳೂರಿಗೆ ಬಂದಮ್ಯಾಲೆ ಗೊತ್ತಾಗಿದ್ದು. ಕಾಳು ತಿನ್ನಾಕ ಇಷ್ಟು ಸಿಪ್ಪಿ ಯಾಕ ತೆಗೀತೀರಿ ಅಂತ ಇನ್ನೂ ಅರ್ಥ ಆಗಿಲ್ಲ.

ಒಗ್ಗರಣೆ ಡಬ್ಬಿ | 7.25

ನಮ್ಮ ಅತ್ತೆ ಇದ್ಕಿದ್ ಬೇಳೆ ಅಂತಿದ್ದರು. ಸಾರು ಕುದಿಯುವಾಗ ಸೊಗಡು ಬಂದರೆ ಸಾಕು, ಹೆಸರು ಏನಾದರೂ ಇಟ್ಟುಕೊಳ್ಳಿ.

ರಾತ್ರಿ ಪಾಳಿ | 11.30

ನಾನು ಐರ್ಲೆಂಡಿನಲ್ಲಿ ನರ್ಸ್, ಊರು ಶಿವಮೊಗ್ಗ. ಇಲ್ಲಿ ಸಂಜೆ. ಡ್ಯೂಟಿಗೆ ಹೊರಡುವ ಮುಂಚೆ ಬರೆಯುತ್ತಿದ್ದೇನೆ.

ಹೊಸದಾಗಿ ಐಸಿಯುಗೆ ಬಂದಾಗ ನನಗೂ ಇದೇ ಆಗುತ್ತಿತ್ತು. ಹನ್ನೆರಡು ಗಂಟೆ ಪಾಳಿ. ಬಂದ ಕೂಡಲೇ ಬೆಳಗಿನ ಜಾವ ಐದಕ್ಕೆ ಏನಾಗಬಹುದು ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಹಿರಿಯ ನರ್ಸ್ ಒಬ್ಬರು ಚಾರ್ಟ್ ತೋರಿಸಿ, ಇದರಲ್ಲಿ ಎಷ್ಟು ಮನೆ ಇವೆ ನೋಡು, ಗಂಟೆಗೆ ಒಂದು, ಈಗ ತುಂಬಬೇಕಾದ್ದು ಯಾವುದೋ ಅದನ್ನು ತುಂಬು ಅಂದರು. ಬಿಪಿ, ಉಸಿರು, ಮೂತ್ರದ ಲೆಕ್ಕ. ಒಂದು ಮನೆ ತುಂಬಿದರೆ ಆ ಗಂಟೆ ಮುಗೀತು. ಐದರ ಮನೆಯನ್ನು ಎಂಟಕ್ಕೇ ತುಂಬೋಕೆ ಆಗಲ್ಲ. ತುಂಬಿದರೆ ಅದು ಸುಳ್ಳು ದಾಖಲೆ!

ಇನ್ನೊಂದು, ಹ್ಯಾಂಡೋವರ್. ಪಾಳಿ ಮುಗಿದಾಗ ಎಲ್ಲವನ್ನೂ ಹೇಳಿ, ಬರೆದು ಇನ್ನೊಬ್ಬರಿಗೆ ಒಪ್ಪಿಸಿ ಹೋಗಬೇಕು. ಒಪ್ಪಿಸದೆ ಮನೆಗೆ ಹೋದ ದಿನ ಬಸ್ಸಿನಲ್ಲಿ ಕೂತಾಗ ಆ ಪೇಷಂಟ್ ಹೀಗಿದ್ದರಲ್ಲ, ಹೇಳಿದೆನಾ ಅಂತ ತಲೆ ಕೊರೆಯುತ್ತದೆ. ಒಪ್ಪಿಸಿದ ದಿನ ಬಸ್ಸಿನಲ್ಲೇ ನಿದ್ದೆ. ನಿಮ್ಮದು ಒಪ್ಪಿಸದ ಪಾಳಿ ಅನ್ನಿಸುತ್ತದೆ ಅಣ್ಣ. ರಾತ್ರಿ ಮಲಗುವ ಮುಂಚೆ ಒಂದು ಹಾಳೆಯಲ್ಲಿ ಬರೆದು ನಾಳೆ ಬೆಳಗಿನ ನಿಮಗೇ ಒಪ್ಪಿಸಿ. ಫೋನಿನಲ್ಲಿ ಬೇಡ, ಹಾಳೆಯಲ್ಲೇ.

ಮನೋಮಿತ್ರ | ಮಂಗಳವಾರ ಬೆಳಗ್ಗೆ 9.10

ನಾನು ಆಪ್ತ ಸಮಾಲೋಚಕಿ. ಮೇಲಿನ ಸಲಹೆಗೆ ಹತ್ತಿರದ್ದೇ ಒಂದು ವಿಧಾನ ಇದೆ. 1983ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬೋರ್ಕೋವೆಕ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ಚಿಂತೆಗೆ ದಿನಕ್ಕೆ ಅರ್ಧ ಗಂಟೆ ಗೊತ್ತು ಮಾಡಿ. ದಿನಾ ಅದೇ ಸಮಯ, ಅದೇ ಜಾಗ. ಬೇರೆ ಹೊತ್ತಲ್ಲಿ ಚಿಂತೆ ಬಂದರೆ ಹೊಡೆದು ಓಡಿಸಬೇಡಿ. ಸಂಜೆ ಏಳಕ್ಕೆ ಬಾ ಅಂತ ಮುಂದಕ್ಕೆ ಹಾಕಿ, ಮಾಡುತ್ತಿದ್ದ ಕೆಲಸಕ್ಕೆ ವಾಪಸ್ ಬನ್ನಿ. ಏಳಕ್ಕೆ ಕೂತು ಪೂರ್ತಿ ಚಿಂತೆ ಮಾಡಿ, ಪರಿಹಾರ ಇರೋದಕ್ಕೆ ಪರಿಹಾರ ಬರೆಯಿರಿ. ಮಲಗುವ ಹೊತ್ತಿಗೆ ಹತ್ತಿರ ಇಟ್ಟುಕೊಳ್ಳಬೇಡಿ, ಹಾಸಿಗೆ ಮೇಲಂತೂ ಬೇಡ.

ಯೋಚನೆ ಮಾಡಬೇಡ ಅಂತ ಮನಸ್ಸಿಗೆ ಹೇಳಿದರೆ ಅದು ಕೇಳಲ್ಲ. ಆಮೇಲೆ ಮಾಡು ಅಂದರೆ ಎಷ್ಟೋ ಸಲ ಕೇಳುತ್ತದೆ.

ಇನ್ನೊಂದು ಮುಖ್ಯ ಮಾತು. ಆರು ತಿಂಗಳಿಗಿಂತ ಜಾಸ್ತಿ, ವಾರದ ಹೆಚ್ಚಿನ ದಿನ ಹೀಗೇ ಆಗುತ್ತಿದ್ದು, ನಿದ್ದೆ ಕೆಟ್ಟು, ಮೈ ಬಿಗಿ, ಸುಸ್ತು, ಕಿರಿಕಿರಿ ಇದ್ದರೆ ಅದನ್ನು ಸ್ವಭಾವ ಅಂತ ಬಿಡಬೇಡಿ. ಡಾಕ್ಟರನ್ನು ನೋಡಿ. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ತರ್ಲೆ ಟೆಕ್ಕಿ | 9.40

ಹಾರ್ವರ್ಡಿನವರು ಒಂದು ಸ್ಟಡಿ ಮಾಡಿದ್ದಾರಲ್ಲ, ಜನ ಅರ್ಧ ಸಮಯ ಭವಿಷ್ಯದ ಚಿಂತೆಯಲ್ಲೇ ಇರ್ತಾರೆ ಅಂತ?

ಗಣಿತದ ಮೇಷ್ಟ್ರು | 10.15

ಇಲ್ಲ, ಹಾಗೆ ಹೇಳಿಲ್ಲ. ಅದು 2010ರದ್ದು, ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಮಾಡಿದ್ದು. 2250 ಜನಕ್ಕೆ ಫೋನಿನಲ್ಲಿ ಯಾವಾಗ ಬೇಕಾದರೆ ಆವಾಗ ಒಂದು ಪ್ರಶ್ನೆ ಬರುತ್ತಿತ್ತು: ಈಗ ಏನು ಮಾಡ್ತಿದ್ದೀರಿ, ಮನಸ್ಸು ಎಲ್ಲಿದೆ, ಖುಷಿಯಾಗಿದ್ದೀರಾ? ಶೇ 46.9ರಷ್ಟು ಸಲ ಮನಸ್ಸು ಬೇರೆ ಕಡೆ ಇತ್ತು. ಬೇರೆ ಕಡೆ ಅಂದರೆ ಬರೀ ಮುಂದಿನ ಚಿಂತೆ ಅಲ್ಲ. ಹಗಲುಗನಸು, ಹಳೇ ನೆನಪು ಎಲ್ಲ ಸೇರಿ. ನನಗೆ ಹಿಡಿಸಿದ ವಿಷಯ ಬೇರೆ. ಮನಸ್ಸು ಹಿತವಾದ ಯೋಚನೆಗೆ ಹೋದಾಗಲೂ ಜನ ಕೈಲಿರೋ ಕೆಲಸದಲ್ಲಿ ಇದ್ದಾಗಿನದಕ್ಕಿಂತ ಜಾಸ್ತಿ ಖುಷಿಯಾಗೇನೂ ಇರಲಿಲ್ಲ. ಅಂದರೆ ಗೋವಾ ಟ್ರಿಪ್ ನೆನೆಸಿಕೊಂಡು ಪಾತ್ರೆ ತೊಳೆದರೂ ಲಾಭ ಇಲ್ಲ.

ಎರಡನೇ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತೇನೆ, ಇದನ್ನ ದಿನಾ ನೋಡುತ್ತೇನೆ. ಕಲನಶಾಸ್ತ್ರ ನಡೀತಿದೆ, ಹುಡುಗನ ಕಣ್ಣು ಬೋರ್ಡಿನ ಮೇಲೇ ಇದೆ, ಅವನು ಸಿಇಟಿ ರ‍್ಯಾಂಕಿನಲ್ಲಿ ಇದ್ದಾನೆ. 2024ರಲ್ಲಿ ಪಿಯುಸಿಗೆ ಒಂದು, ಎರಡು, ಮೂರು ಅಂತ ಮೂರು ಪರೀಕ್ಷೆ ಬಂದಾಗ ಭಯ ಕಡಿಮೆ ಆಗಬಹುದು ಅಂದುಕೊಂಡಿದ್ದೆ. ಕೆಲವರಿಗೆ ಆಯಿತು. ಕೆಲವರು ಮೂರರ ಚಿಂತೆಯನ್ನೂ ಮಾರ್ಚಿಗೇ ಮಾಡಿ ಮುಗಿಸಿದರು.

ಬೆಳಗಿನ ಗಂಟೆ | 11.00

ನಾನು ವಿಪಶ್ಯನ ಧ್ಯಾನದ ಹತ್ತು ದಿನದ ಶಿಬಿರ ಮಾಡಿದ್ದೇನೆ, ತುಮಕೂರು ರಸ್ತೆ ಕಡೆ ಆಲೂರಿನಲ್ಲಿ. ಮಾತಿಲ್ಲ, ಫೋನಿಲ್ಲ, ಪೆನ್ನು ಕೂಡ ಇಲ್ಲ. ಬೆಳಗ್ಗೆ ನಾಲ್ಕಕ್ಕೆ ಗಂಟೆ ಹೊಡೆಯುತ್ತಾರೆ. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ಬಂದು ಹೋಗೋದನ್ನ ನೋಡೋದು, ಅಷ್ಟೇ. ಎರಡನೇ ದಿನ ನಾನು ಕೂತಲ್ಲೇ ಮನೆಗೆ ಹೊಸ ಬೀರು ಎಲ್ಲಿ ಇಡಬೇಕು ಅಂತ ಪೂರ್ತಿ ಅಳತೆ ಹಾಕಿ ಮುಗಿಸಿದ್ದೆ. ಐದನೇ ದಿನದ ಹೊತ್ತಿಗೆ ಬೀರು ಬಂದರೂ ಬೇಗ ಹೋಗುತ್ತಿತ್ತು. ಶಿಬಿರಕ್ಕೆ ಫೀಸು ಇಲ್ಲ, ಮುಗಿಸಿದ ಮೇಲೆ ಮನಸ್ಸಿದ್ದರೆ ದಾನ ಕೊಡಬಹುದು.

ಉಪ್ಪಿಟ್ಟು ವಿರೋಧಿ | 11.10

ಬಂದಮೇಲೆ ಎಷ್ಟು ದಿನ ಉಳಿಯಿತು? ನಿಜ ಹೇಳಿ.

ಬೆಳಗಿನ ಗಂಟೆ | 11.30

ಗೊರಗುಂಟೆಪಾಳ್ಯ ಸಿಗ್ನಲ್‌ವರೆಗೆ.

ಸರಿ, ಅಷ್ಟು ಕಮ್ಮಿ ಅಲ್ಲ. ಬೆಳಗ್ಗೆ ಇಪ್ಪತ್ತು ನಿಮಿಷ ಕೂರೋದು ಉಳಿದಿದೆ. ಚಿಂತೆ ಬರುತ್ತದೆ. ಬಂದಿದೆ ಅಂತ ಮುಂಚೆಗಿಂತ ಬೇಗ ಗೊತ್ತಾಗುತ್ತದೆ. ಮುಂಚೆ ಒಂದು ಗಂಟೆ ಆದಮೇಲೆ ಗೊತ್ತಾಗುತ್ತಿತ್ತು.

ಮನೋಮಿತ್ರ | 11.45

ಒಂದು ಎಚ್ಚರಿಕೆ. ತೀವ್ರ ಖಿನ್ನತೆ ಅಥವಾ ಬೇರೆ ಮಾನಸಿಕ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಹತ್ತು ದಿನದ ಮೌನಕ್ಕೆ ಹೋಗಬೇಡಿ. ಅರ್ಜಿಯಲ್ಲೇ ಇದರ ಬಗ್ಗೆ ಕೇಳಿರುತ್ತಾರೆ, ಮುಚ್ಚಿಡಬೇಡಿ.

ಹೆಸರು ಬೇಡ | ಮಧ್ಯಾಹ್ನ 3.15

14416ಗೆ ನಾನು ಫೋನ್ ಮಾಡಿದ್ದೇನೆ. ರಾತ್ರಿ ಎರಡು ಗಂಟೆಗೆ, ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಮನೆಯವರಿಗೆ ಕೇಳಬಾರದು ಅಂತ. ಆ ಕಡೆಯವರು ಮೊದಲು ಕೇಳಿದ್ದು, "ಊಟ ಮಾಡಿದ್ರಾ?" ಅಂತ. ಯಾಕೋ ಅದಕ್ಕೇ ಅಳು ಬಂತು. ಆಮೇಲೆ ಆಸ್ಪತ್ರೆಗೆ ಹೋದೆ, ಎಂಟು ತಿಂಗಳು ಮಾತ್ರೆ ತಗೊಂಡೆ, ಈಗ ಚೆನ್ನಾಗಿದ್ದೇನೆ. ಗಾದೆ ಹೇಳುವವರು ಹೇಳಲಿ. ಕೆಲವರಿಗೆ ಮಾತ್ರೆ ಬೇಕಾಗುತ್ತದೆ.

ಮೊದಲು ಕಾಫಿ | 3.30

ನೀವು ಬರೆದದ್ದು ಒಳ್ಳೆಯದಾಯಿತು. ನನ್ನ ಗಾದೆ ವಾಪಸ್ ತಗೊಂಡೆ. ನನಗೂ ನಾಲ್ಕಕ್ಕೆ ಎಚ್ಚರ ಆಗುತ್ತದೆ, ಅದಕ್ಕೇ ಆರಕ್ಕೆಲ್ಲ ಇಲ್ಲಿ ಶುಭದಿನ ಅಂತ ಹಾಕೋದು.

ರಾತ್ರಿ ಪಾಳಿ | 4.00

ಬೆಳಗಿನ ಜಾವ ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಏರೋಕೆ ಶುರುವಾಗುತ್ತದೆ, ಮೈಯನ್ನು ಏಳೋಕೆ ತಯಾರು ಮಾಡುತ್ತದೆ. ನಿದ್ದೆಯೂ ಆ ಹೊತ್ತಿಗೆ ತೆಳು. ಅದರ ಮೇಲೆ ಕತ್ತಲು, ಮಾತಾಡೋಕೆ ಯಾರೂ ಇಲ್ಲ. ಹಗಲಲ್ಲಿ ಇಲಿ ಆಗಿದ್ದದ್ದು ಆವಾಗ ಹುಲಿ ಆಗುತ್ತದೆ. ಮೂರಕ್ಕೆ ಅನ್ನಿಸಿದ್ದನ್ನು ಮೂರಕ್ಕೆ ತೀರ್ಮಾನ ಮಾಡಬೇಡಿ.

ಮೂರನೇ ಮಹಡಿ | ಮೂರು ವಾರ ಆದಮೇಲೆ, ಶನಿವಾರ ರಾತ್ರಿ 9.30

ಮತ್ತೆ ಬಂದೆ. ಕೆಲವರು ಮೆಸೇಜು ಹಾಕಿ ಏನಾಯ್ತು ಅಂತ ಕೇಳಿದ್ದಿರಿ.

ಸಂಜೆ ಏಳಕ್ಕೆ ನೋಟ್‌ಬುಕ್ ಹಿಡಿದು ಕೆಳಗೆ ಪಾರ್ಕಿಂಗಿನಲ್ಲಿ ಸ್ಕೂಟರ್ ಮೇಲೆ ಕೂರುತ್ತೇನೆ. ಮೊದಲ ದಿನ ಅರ್ಧ ಗಂಟೆ ಸಾಕಾಗಲಿಲ್ಲ, ನಾಲ್ಕು ಪುಟ. ಎರಡನೇ ವಾರ ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದೇನೆ ಅಂತ ಗೊತ್ತಾಯಿತು. ಎಣಿಸಿದರೆ ಒಟ್ಟು ಏಳೇ ಚಿಂತೆ. ಏಳನ್ನೇ ಇಷ್ಟು ವರ್ಷ ತಿರುಗಿಸಿ ಮುರುಗಿಸಿ ಮಾಡಿದ್ದೇನೆ. ಅಡಿಕೆ ಅಂಗಳದವರು ಹೇಳಿದ ಹಾಗೆ ಪಕ್ಕದಲ್ಲಿ ತಿಂಗಳು ಬರೆದೆ. ಎರಡಕ್ಕೆ ಈ ವರ್ಷ ಮಾಡುವಂಥದ್ದು ಇತ್ತು, ಒಂದನ್ನು ಮಾಡಿಯೂ ಆಯಿತು. ಐದಕ್ಕೆ ಬರೆಯಲು ತಿಂಗಳೇ ಸಿಗಲಿಲ್ಲ.

ವಾಚ್‌ಮನ್ ಒಂದು ದಿನ ಬಂದು, ಸರ್ ಮನೆಯಲ್ಲಿ ಏನಾದರೂ ಜಗಳವಾ ಅಂತ ಕೇಳಿದರು.

ಎಕ್ಸೆಲ್ ಶೀಟನ್ನು ಫೋನಿನಿಂದ ತೆಗೆದೆ, ಲ್ಯಾಪ್‌ಟಾಪಿನಲ್ಲಿ ಇದೆ. ತಿಂಗಳ ಮೊದಲ ಭಾನುವಾರ ಮಾತ್ರ ತೆಗೀಬೇಕು ಅಂತ ಲೆಕ್ಕ. ಮೊನ್ನೆ ಬುಧವಾರ ತೆಗೆದುಬಿಟ್ಟೆ. ಮೂರು ಗಂಟೆ ಎಚ್ಚರ ಪೂರ್ತಿ ನಿಂತಿಲ್ಲ, ವಾರಕ್ಕೆ ಎರಡು ಮೂರು ಸಲಕ್ಕೆ ಇಳಿದಿದೆ. ಡಾಕ್ಟರ ಹತ್ತಿರ ಮುಂದಿನ ಮಂಗಳವಾರ ಹೋಗುತ್ತಿದ್ದೇನೆ, ಹೆಸರು ಬೇಡ ಅಂದವರು ಬರೆದದ್ದು ಓದಿದ ಮೇಲೆ.

ಇವತ್ತು ಈ ಸೀಸನ್ನಿನ ಕೊನೇ ಅವರೆ ಅಂತ ಅಮ್ಮ ಮತ್ತೆ ಎರಡು ಕೆಜಿ ತರಿಸಿದ್ದರು. ಒಂದು ದೊಡ್ಡ ಬೋಗುಣಿ ನನ್ನ ಮುಂದೆಯೇ ಇಟ್ಟುಕೊಂಡೆ. ಅರ್ಧ ಗಂಟೆಗೆ ಹೆಬ್ಬೆರಳಿನ ಉಗುರು ನೋಯೋಕೆ ಶುರು. ಮಗಳು ಕ್ಲಾಸಿನಲ್ಲಿ ಯಾರೋ ಡಬ್ಬಿಯಲ್ಲಿ ಕಪ್ಪೆ ತಂದದ್ದು ಹೇಳುತ್ತಿದ್ದಳು. ನಡುವೆ ನಿಲ್ಲಿಸಿ, "ಏನು ಹೇಳಿದೆ ಹೇಳು" ಅಂದಳು. ಕಪ್ಪೆ, ಡಬ್ಬಿ, ವಿಜ್ಞಾನದ ಮಿಸ್ಸು ಬೆಂಚು ಹತ್ತಿದ್ದು, ಎಲ್ಲಾ ಹೇಳಿದೆ. ತಂದ ಹುಡುಗನ ಹೆಸರು ತಪ್ಪಾಯಿತು. ಹತ್ತಕ್ಕೆ ಎಂಟು ಕೊಟ್ಟಿದ್ದಾಳೆ.

ಗಣಿತದ ಮೇಷ್ಟ್ರು | 9.45

ಮಿಸ್ಸು ನಿಜವಾಗಲೂ ಬೆಂಚು ಹತ್ತಿದರಾ?

ಒಗ್ಗರಣೆ ಡಬ್ಬಿ | 9.50

ಉಗುರಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಮುಂದಿನ ಸಲ ಕಾಳನ್ನು ಇನ್ನೂ ಎರಡು ಗಂಟೆ ಜಾಸ್ತಿ ನೆನೆಸಿ, ಸಿಪ್ಪೆ ತಾನೇ ಜಾರುತ್ತದೆ.

ಮೀಟರ್ ಮೇಲೆ | 10.20

ಸರ್, ನಿಮ್ಮನ್ನು ನೋಡಿ ನಾನೂ ಒಂದು ಡಬ್ಬಿ ಇಟ್ಟಿದ್ದೀನಿ, ಜೂನಿಗೆ ಅಂತ. ದಿನಕ್ಕೆ ಐವತ್ತು. ಎರಡು ದಿನ ತಪ್ಪಿದೆ.

ಮಾಗಡಿ ರಸ್ತೆ | 10.25

ಎಲ್ಲ ಸರಿ. ಆದರೆ ಅದು ಹಿದುಕಿದ ಬೇಳೆ.